ಕತೆ ನಿಂತ ವಾರ

ಹಳೆಯ ಜನಪ್ರಿಯ ಕಾದಂಬರಿಯೊಂದು ಕೈಗೆ ಸಿಕ್ಕರೆ ನಾನು ಮೊದಲು ಹುಡುಕುವುದು ಏನೂ ನಡೆಯದ ಅಧ್ಯಾಯವನ್ನು. ಅದು ಇದ್ದೇ ಇರುತ್ತದೆ. ಹೆಚ್ಚಾಗಿ ಪುಸ್ತಕದ ನಡುವೆ, ಬಿಗಿ ಏರುತ್ತಿರುವ ಹೊತ್ತಿನಲ್ಲಿ. ನಾಯಕಿಗೆ ಬಂದ ಕಾಗದವನ್ನು ಯಾರೋ ಬಚ್ಚಿಟ್ಟಾಗಿದೆ. ಬೆಂಗಳೂರಿಗೆ ಹೋದ ನಾಯಕನ ಸುದ್ದಿಯಿಲ್ಲ. ಅತ್ತೆಯ ಮೂಗಿಗೆ ವಾಸನೆ ಬಡಿದಿದೆ. ಇನ್ನೇನು ಸ್ಫೋಟವಾಗಬೇಕು ಅನ್ನುವಾಗ ಕಾದಂಬರಿಕಾರ್ತಿ ಇಡೀ ಮನೆಯನ್ನು ಜೋಗ ನೋಡಲು ಕರೆದುಕೊಂಡು ಹೊರಟುಬಿಡುತ್ತಾರೆ. ಬುತ್ತಿ ಕಟ್ಟುವುದರಿಂದ ಶುರು. ಚಪಾತಿಯ ಜೊತೆಗೆ ಯಾವ ಪಲ್ಯ, ಮೊಸರನ್ನ ಸಂಜೆಯವರೆಗೆ ಹುಳಿಯಾಗದಿರಲು ಹಾಲೆಷ್ಟು, ಕಾರಿನ ಹಿಂದಿನ ಸೀಟಿನಲ್ಲಿ ಯಾರ ಪಕ್ಕ ಯಾರು, ಯಾವ ತಿರುವಿನಲ್ಲಿ ಮಗುವಿಗೆ ವಾಂತಿ. ಅಧ್ಯಾಯ ಮುಗಿದಾಗ ಕತೆ ಒಂದಿಂಚೂ ಸರಿದಿರುವುದಿಲ್ಲ. ನನಗಂತೂ ಹೊಟ್ಟೆ ತುಂಬಿರುತ್ತದೆ.

ವಿಮರ್ಶಕರ ಭಾಷೆಯಲ್ಲಿ ಇದು ಜಾಳು. ಲೇಖಕಿ ಹೆಣ್ಣಾಗಿದ್ದರೆ ‘ಅಡುಗೆಮನೆ ಸಾಹಿತ್ಯ’ ಎಂಬ ಹಳೆಯ ಕೊಂಕೂ ಸೇರಿಕೊಳ್ಳುತ್ತದೆ. ಜಾಳು ಹೌದು, ಒಪ್ಪಿದೆ. ಆದರೆ ಜನಪ್ರಿಯ ಕಾದಂಬರಿಯ ನಿಜವಾದ ಸುಖ ಆ ಜಾಳಿನಲ್ಲೇ ಇದೆ ಎಂಬುದು ನನ್ನ ಹಟ. ಕೊಲೆ ಮಾಡಿದವನು ಯಾರು, ಮದುವೆ ಯಾರ ಜೊತೆ ಎಂಬುದು ಒಂದು ಸಲ ಗೊತ್ತಾದರೆ ಮುಗಿಯಿತು. ಜೋಗದ ಬುತ್ತಿ ಮಾತ್ರ ಎಷ್ಟು ಸಲ ಬಿಚ್ಚಿದರೂ ಹಳಸುವುದಿಲ್ಲ.

ಈ ಜಾಳು ಹುಟ್ಟಿದ್ದು ಸೋಮಾರಿತನದಿಂದಲ್ಲ, ವಾರಪತ್ರಿಕೆಯ ಲೆಕ್ಕದಿಂದ. ‘ಕರ್ಮವೀರ’ 1921ರಲ್ಲಿ ಬಂತು, ‘ಪ್ರಜಾಮತ’ 1931ರಲ್ಲಿ, ‘ಸುಧಾ’ 1965ರಲ್ಲಿ, ‘ತರಂಗ’ 1983ರಲ್ಲಿ. ಧಾರಾವಾಹಿಗೆ ವಾರಕ್ಕಿಷ್ಟು ಪುಟವೆಂದು ಜಾಗ ಕಾದಿಟ್ಟರೆ ಅದು ತುಂಬಲೇಬೇಕು. ಬರೆಯುವವರಿಗೆ ಜ್ವರ ಬಂದರೂ, ಮಗಳ ಬಾಣಂತನವಿದ್ದರೂ. ಕತೆಯ ದೊಡ್ಡ ತಿರುವುಗಳನ್ನೆಲ್ಲ ಒಂದೇ ಉಸಿರಿಗೆ ಖರ್ಚು ಮಾಡಿಬಿಟ್ಟರೆ ಮುಂದಿನ ವಾರಗಳಿಗೆ ಏನು ಮಾಡುವುದು? ಹಾಗಾಗಿ ಒಂದು ಆಘಾತ, ಒಂದು ವಿರಾಮ. ಪುಸ್ತಕವಾದ ಮೇಲೂ ಈ ಹೊಲಿಗೆ ಕಾಣುತ್ತದೆ. ಅಧ್ಯಾಯಗಳೆಲ್ಲ ಹೆಚ್ಚುಕಡಿಮೆ ಒಂದೇ ಉದ್ದ. ಪ್ರತಿ ಅಧ್ಯಾಯದ ಮೊದಲ ಪ್ಯಾರಾದಲ್ಲಿ, ಕಳೆದ ಸಂಚಿಕೆ ತಪ್ಪಿಸಿಕೊಂಡವರಿಗೆಂದು, ಯಾರು ಯಾರ ಮಗಳು ಎಂಬ ಸಣ್ಣ ನೆನಪೋಲೆ. ಕೊನೆಯ ಸಾಲಿನಲ್ಲಿ ಬಾಗಿಲು ಬಡಿದ ಸದ್ದು. ಮುಂದಿನ ಅಧ್ಯಾಯಕ್ಕೆ ಹೋದರೆ ಬಾಗಿಲು ಬಡಿದವನು ಹಾಲಿನವನು! ಆ ಹಾಲಿನವನಿಗಾಗಿ ಏಳು ದಿನ ಕಾದ ಓದುಗರ ತಾಳ್ಮೆಯನ್ನು ನೆನೆದರೆ ನನಗೆ ಈಗಲೂ ನಗು, ಸ್ವಲ್ಪ ಅಸೂಯೆ.

ನಮ್ಮ ಮನೆಗಳಲ್ಲಿ ಧಾರಾವಾಹಿ ಪುಸ್ತಕವಾಗುತ್ತಿದ್ದದ್ದು ಪ್ರಕಾಶಕರಿಂದಲ್ಲ, ದಬ್ಬಳದಿಂದ. ಮನೆಮಂದಿಯೆಲ್ಲ ಓದಿ ಮುಗಿಸಿದ ಮೇಲೆ ಪಿನ್ನು ಬಿಚ್ಚಿ ಧಾರಾವಾಹಿಯ ಹಾಳೆಗಳನ್ನಷ್ಟೇ ಎತ್ತಿಟ್ಟು, ಕೊನೆಯ ಕಂತು ಬಂದ ವಾರ ರಟ್ಟು ಇಟ್ಟು, ಗೋಣಿದಾರದಲ್ಲಿ ಹೊಲಿದು, ಮೇಲೆ ಹಳೆಯ ಕ್ಯಾಲೆಂಡರಿನ ಹೊದಿಕೆ. ಇಂಥ ಪುಸ್ತಕದ ರುಚಿ ಅಂಗಡಿಯ ಪ್ರತಿಗೆ ಬರುವುದಿಲ್ಲ. ಹಾಳೆಯ ಹಿಂಬದಿಯಲ್ಲಿ ಸೋಪಿನ ಜಾಹೀರಾತು, ಅರ್ಧ ಪದಬಂಧ, ಯಾರಿಗೋ ಆ ವಾರ ಧನಲಾಭ. ಮೇಲಾಗಿ ಚಿತ್ರಗಳು. ಚಂದ್ರನಾಥ ಆಚಾರ್ಯ, ಪ.ಸ. ಕುಮಾರ್ ಅಂಥವರ ಗೆರೆಗಳು ಕತೆಯ ಜೊತೆಗೇ ಬರುತ್ತಿದ್ದ ಕಾಲವದು. ಸೆರಗು ಹಿಡಿದು ಕಿಟಕಿಯಾಚೆ ನೋಡುತ್ತಿರುವ ಹೆಣ್ಣಿನ ಮುಖ ಲೇಖಕಿ ಹೇಳದೇ ಬಿಟ್ಟದ್ದನ್ನೂ ಹೇಳುತ್ತಿತ್ತು. ಅದೇ ಕಾದಂಬರಿ ಅಂಗಡಿಗೆ ಬರುವಾಗ ಚಿತ್ರಗಳೆಲ್ಲ ಮಾಯ. ಯಾವ ಪ್ರಕಾಶಕರಿಗೂ ಅದೊಂದು ನಷ್ಟವೆಂದು ಅನ್ನಿಸಿದಂತಿಲ್ಲ.

ಪತ್ರಿಕೆ ಕೊಳ್ಳಲಾಗದವರಿಗೆ ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ಬಸ್ ಸ್ಟ್ಯಾಂಡಿನ ಹತ್ತಿರವೋ ಹಿಟ್ಟಿನ ಗಿರಣಿಯ ಪಕ್ಕವೋ ಒಂದು ಮಳಿಗೆ, ಡಿಪಾಸಿಟ್ಟು, ದಿನಕ್ಕಿಷ್ಟು ಬಾಡಿಗೆ. ಎಲ್ಲ ಪುಸ್ತಕಕ್ಕೂ ಒಂದೇ ಕಂದು ಕಾಗದದ ಅಂಗಿ ಹಾಕಿರುತ್ತಿದ್ದರಿಂದ ತ.ರಾ.ಸು. ಯಾರು, ಪತ್ತೇದಾರಿ ಯಾವುದು ಎಂದು ಬೆನ್ನು ನೋಡಿ ತಿಳಿಯುವಂತಿರಲಿಲ್ಲ. ಅಲ್ಲಿನ ಓದುಗರಲ್ಲಿ ಒಂದು ದುಷ್ಟ ಜಾತಿಯಿತ್ತು. ಪತ್ತೇದಾರಿಯ ಮೂರನೆಯ ಪುಟದಲ್ಲೇ, ಅಡುಗೆಭಟ್ಟನ ಹೆಸರು ಮೊದಲ ಸಲ ಬಂದ ಕಡೆ, ಪೆನ್ಸಿಲಿನಲ್ಲಿ ಅಡಿಗೆರೆ ಎಳೆದು ‘ಇವನೇ’ ಎಂದು ಬರೆದಿಡುವವರು. ನಮ್ಮ ಚಿಕ್ಕಮ್ಮ ಮಾತ್ರ ಈ ಜಾತಿಯವರಿಗೆ ಕೃತಜ್ಞರು. ಅವರು ಯಾವ ಕಾದಂಬರಿಯನ್ನಾದರೂ ಕೊನೆಯ ಪುಟದಿಂದಲೇ ತೆರೆಯುವುದು. ನಾಯಕಿ ಬದುಕಿದ್ದಾಳೆ ಎಂದು ಖಾತ್ರಿಯಾದ ಮೇಲೆ ಮೊದಲ ಪುಟಕ್ಕೆ ಬಂದು ನೆಮ್ಮದಿಯಾಗಿ, ಕುಕ್ಕರ್ ಕೂಗಿದಾಗೊಮ್ಮೆ ಎದ್ದು, ಮತ್ತೆ ಕೂತು ಓದುತ್ತಾರೆ. ಕುತೂಹಲವೇ ಈ ಪುಸ್ತಕಗಳ ಬಂಡವಾಳ ಎನ್ನುವವರು ಒಮ್ಮೆ ಅವರನ್ನು ನೋಡಬೇಕು. ಕೊಲೆಗಾರ ಗೊತ್ತಿದ್ದೂ ಇನ್ನೂರು ಪುಟ ಓದುವವರಿಗೆ ಅಲ್ಲಿ ಬೇರೇನೋ ಸಿಗುತ್ತಿರಬೇಕು.

ಎಲ್ಲರೂ ಕತೆಯನ್ನು ಒಂದೇ ರೀತಿ ನಿಲ್ಲಿಸುವುದಿಲ್ಲ. ಎಂ.ಕೆ. ಇಂದಿರಾ ನಿಲ್ಲಿಸುವುದು ಮಲೆನಾಡಿನ ಮನೆಯೊಳಗೆ. ಅಟ್ಟ, ಕೊಟ್ಟಿಗೆ, ಬಚ್ಚಲ ಒಲೆ, ಮಳೆಗಾಲಕ್ಕೆ ಮುಂಚಿನ ಹಪ್ಪಳ ಸಂಡಿಗೆ, ಯಾವ ನಂಟರಿಗೆ ಯಾವ ಕೋಣೆ. 1917ರಲ್ಲಿ ಹುಟ್ಟಿದ ಅವರು ಕಾದಂಬರಿಗೆ ಕೈ ಹಾಕಿದ್ದು ನಲವತ್ತು ದಾಟಿದ ಮೇಲೆ. ಅಷ್ಟು ವರ್ಷ ಮನೆಯೊಳಗೆ ಕಂಡು ಕೇಳಿದ್ದೆಲ್ಲ ಕಣಜದಲ್ಲಿತ್ತು. 1976ರ ‘ಫಣಿಯಮ್ಮ’ವನ್ನು ಪ್ರಶಸ್ತಿ, ಪ್ರೇಮಾ ಕಾರಂತರ ಸಿನಿಮಾ ಎಲ್ಲ ಸೇರಿ ಗಂಭೀರ ಸಾಹಿತ್ಯದ ಕಪಾಟಿಗೆ ಏರಿಸಿಬಿಟ್ಟಿವೆ. ಇರಲಿ. ಆದರೆ ಅದು ಓದಿಸಿಕೊಳ್ಳುವುದು ಇಂದಿರಾ ಅವರ ಉಳಿದ ಪುಸ್ತಕಗಳು ಓದಿಸಿಕೊಳ್ಳುವ ಗುಟ್ಟಿನಿಂದಲೇ: ಕೆಲಸ ಮಾಡುತ್ತಿರುವ ಕೈಗಳನ್ನು ಅವರು ಬಿಟ್ಟೂ ಬಿಡದೆ ನೋಡುತ್ತಾರೆ. ಫಣಿಯಮ್ಮನ ಬದುಕಿನಲ್ಲಿ ಕತೆ ಎನ್ನುವಂಥದ್ದು ಬಾಲ್ಯದಲ್ಲೇ, ಗಂಡ ಸತ್ತ ದಿನವೇ ಮುಗಿದುಹೋಗಿದೆ. ಉಳಿದದ್ದೆಲ್ಲ ಕತೆ ನಿಂತ ವಾರಗಳೇ. ಅಡುಗೆ, ಬಾಣಂತನ, ಹರಿವಾಣದ ತುಂಬ ಬಿಡಿಸಿದ ಕಾಳು. ಇಡೀ ಪುಸ್ತಕ ನಿಂತಿರುವುದು ಅದರ ಮೇಲೆ.

ಅ.ನ.ಕೃ. ನಿಲ್ಲಿಸುವುದು ಮಾತಿನಲ್ಲಿ. ನಾಲ್ಕು ಜನ ಕಾಫಿಗೆ ಕೂತರೆಂದರೆ ಸಂಗೀತ, ಚಿತ್ರಕಲೆ, ಕನ್ನಡದ ಸ್ಥಿತಿಗತಿ ಎಲ್ಲ ಮುಗಿಯದೆ ಏಳುವುದಿಲ್ಲ. ಸಂಗೀತಗಾರನ ಕತೆಯಾದ ‘ಸಂಧ್ಯಾರಾಗ’ದಲ್ಲಿ ಅದು ಒಪ್ಪುತ್ತದೆ. ಬೇರೆ ಕೆಲವು ಕಡೆ ಆ ಮಾತು ನನಗೂ ಆಕಳಿಕೆ ತರಿಸಿದೆ. ಕಾಫಿ ಆರಿ ಹೋಯಿತಲ್ಲ ಸ್ವಾಮಿ ಅನ್ನಿಸುತ್ತದೆ.

ಟಿ.ಕೆ. ರಾಮರಾವ್ ನನ್ನ ಮಟ್ಟಿಗೆ ಈ ಕಲೆಯ ಉಸ್ತಾದ್. ‘ಬಂಗಾರದ ಮನುಷ್ಯ’ದ ಕಾದಂಬರಿ ಅವರದೆಂದು ಎಷ್ಟೋ ಜನಕ್ಕೆ ಮರೆತೇಹೋಗಿದೆ. 1972ರ ಸಿನಿಮಾ ಅಷ್ಟು ದೊಡ್ಡದಾಗಿ ಬೆಳೆದು ಪುಸ್ತಕವನ್ನು ನೆರಳಿಗೆ ತಳ್ಳಿತು. ಅವರ ‘ದಿಬ್ಬದ ಬಂಗಲೆ’, ‘ಸೀಳುನಕ್ಷತ್ರ’, ‘ಕೋವಿ–ಕುಂಚ’ಗಳನ್ನು ಪತ್ತೇದಾರಿ ಎಂದು ಪಕ್ಕಕ್ಕಿಡುವುದು ರೂಢಿ. ಆದರೆ ರಾಮರಾಯರಿಗೆ ಅಪರಾಧಕ್ಕಿಂತ ಅಪರಾಧ ನಡೆದ ಊರಿನ ಮೇಲೆ ಪ್ರೀತಿ. ಪೊಲೀಸಿನವನು ಗುಡ್ಡ ಹತ್ತುವಾಗ ದಾರಿಯನ್ನೂ ಮಂಜನ್ನೂ ದೂರದ ದೀಪವನ್ನೂ ನಮಗೆ ತೋರಿಸಿಯೇ ಮುಂದೆ ಹೋಗುತ್ತಾನೆ. ಎಷ್ಟೋ ಸಲ ಕೊಲೆಯ ಕಾರಣವೂ ಆ ದಾರಿಯಲ್ಲೇ ಬಿದ್ದಿರುತ್ತದೆ. ಅವಸರದಲ್ಲಿ ಹಾರಿಸಿ ಓದಿದವರಿಗೆ ಸಿಗುವುದಿಲ್ಲ. ಎರಡನೆಯ ಓದಿನಲ್ಲಿ ಅದು ಕಣ್ಣಿಗೆ ಬೀಳುವ ಖುಷಿಯೇ ಬೇರೆ. ನಿಲ್ಲಿಸಿದ್ದೂ ಕತೆಯೇ ಆಗಿತ್ತು ಎಂದು ಆಮೇಲೆ ತಿಳಿಯುವಂತೆ ನಿಲ್ಲಿಸಬಲ್ಲವರು ಕನ್ನಡದಲ್ಲಿ ಹೆಚ್ಚು ಜನ ಇಲ್ಲ.

ಇದಕ್ಕೆ ಪೂರಾ ಉಲ್ಟಾ ಎನ್. ನರಸಿಂಹಯ್ಯ. ನಾಲ್ಕನೆಯ ಇಯತ್ತೆಯವರೆಗೆ ಓದಿದ ಮನುಷ್ಯ ಐನೂರು ದಾಟಿ ಪತ್ತೇದಾರಿ ಕಾದಂಬರಿಗಳನ್ನು ಬರೆದರು. ಅವರ ಪತ್ತೇದಾರ ಪುರುಷೋತ್ತಮ ಒಂದು ತಲೆಮಾರಿಗೆ ಮನೆಯ ಹುಡುಗನಿದ್ದಂತೆ. ಅಲ್ಲಿ ನಿಲ್ಲುವುದಕ್ಕೆ ಪುರುಸೊತ್ತೇ ಇಲ್ಲ, ಒಂದು ಮಧ್ಯಾಹ್ನಕ್ಕೆ ಒಂದು ಪುಸ್ತಕ. ಆ ಪುಟಗಳಲ್ಲೇ ಕನ್ನಡವನ್ನು ಕೂಡಿಸಿ ಓದಲು ಕಲಿತೆ ಎನ್ನುವ ಹಿರಿಯರು ಸಿಗುತ್ತಾರೆ. ಕೂಡಿಸಿ ಓದುವವನಿಗೆ ಜೋಗದ ಬುತ್ತಿ ತೋರಿಸಿದರೆ ಅವನು ಪುಸ್ತಕ ಮುಚ್ಚಿಟ್ಟು ಎದ್ದುಹೋದಾನು. ನರಸಿಂಹಯ್ಯನವರಿಗೆ ತಮ್ಮ ಓದುಗ ಗೊತ್ತಿದ್ದ.

ತ್ರಿವೇಣಿಯವರನ್ನು ಎಲ್ಲಿ ಇಡಲಿ? 1928ರಲ್ಲಿ ಹುಟ್ಟಿ 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ಹೋಗಿಬಿಟ್ಟವರು. ಅವರ ಕಾದಂಬರಿಗಳು ತೆಳ್ಳಗೆ, ಬುತ್ತಿ ಕಟ್ಟಿಕೊಂಡು ಹೊರಡುವಷ್ಟು ವ್ಯವಧಾನ ಅವಕ್ಕಿಲ್ಲ. ಹೊರಗೆ ಏನೂ ನಡೆಯದಿದ್ದಾಗ ಅವರು ಒಳಗೆ ಹೊಕ್ಕುತ್ತಾರೆ. ‘ಶರಪಂಜರ’ದ ಕಾವೇರಿ ಮಾನಸಿಕ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬಂದಿದ್ದಾಳೆ. ಇನ್ನು ದೊಡ್ಡ ಘಟನೆ ಬೇಕಿಲ್ಲ. ಮನೆಯವರು ಅವಳನ್ನು ನೋಡುವ ನೋಟ ಸಾಕು. ಮನಶ್ಶಾಸ್ತ್ರ ಓದಿಕೊಂಡವರು ಜನಪ್ರಿಯ ಕಾದಂಬರಿಗೆ ತಂದ ಬಳುವಳಿ ಅದು. ಪುಟ್ಟಣ್ಣ ಕಣಗಾಲರು ಅದನ್ನು ಸಿನಿಮಾ ಮಾಡಿದ ಮೇಲೆ ಕಲ್ಪನಾ ಮುಖವಿಲ್ಲದೆ ಕಾವೇರಿಯನ್ನು ಓದುವುದು ಕಷ್ಟವಾಗಿದೆ. ನಾನು ಪ್ರಯತ್ನಿಸುವುದನ್ನೂ ಬಿಟ್ಟಿದ್ದೇನೆ.

ಎಂಬತ್ತರ ದಶಕದಲ್ಲಿ ಗಾಳಿ ಬದಲಾಯಿತು. ವಂಶಿ ಮುಂತಾದವರ ಅನುವಾದಗಳ ಮೂಲಕ ಯಂಡಮೂರಿ ವೀರೇಂದ್ರನಾಥ್ ತೆಲುಗಿನಿಂದ ಬಂದರು. ‘ತುಳಸಿದಳ’ ಓದಿ ರಾತ್ರಿ ಹಿತ್ತಲಿಗೆ ಹೋಗಲು ಹೆದರಿದವರ ಸಂಖ್ಯೆ ದೊಡ್ಡದು. ಯಂಡಮೂರಿ ಕತೆಯನ್ನು ನಿಲ್ಲಿಸುವುದಿಲ್ಲ, ಓದುಗನನ್ನು ನಿಲ್ಲಿಸುತ್ತಾರೆ. ‘ಬೆಳದಿಂಗಳ ಬಾಲೆ’ಯಲ್ಲಿ ಚೆಸ್ ಆಟಗಾರನಿಗೆ ಫೋನಿನಲ್ಲಿ ಒಗಟು ಹಾಕುವ ಹುಡುಗಿ ನಮಗೂ ಒಗಟು ಹಾಕಿದಂತೆಯೇ ಲೆಕ್ಕ. ಪುಸ್ತಕ ಮಡಿಲಲ್ಲಿಟ್ಟು ಪೆನ್ನು ಹುಡುಕಿದ್ದು ಎಷ್ಟು ಜನವೋ! ಬಿಡಿಸಲಾಗದಿದ್ದರೂ ಒಂದು ಗಂಟೆ ಹಾಯಾಗಿ ಹಾಳಾಗುತ್ತಿತ್ತು. ಅದೂ ಒಂದು ವಿರಾಮವೇ, ಆದರೆ ಒಂದೇ ಸಲ ಸಿಗುವಂಥದ್ದು. ಇದೇ ಹೊತ್ತಿಗೆ ನೂರಕ್ಕೂ ಮಿಕ್ಕಿ ಕಾದಂಬರಿ ಬರೆದ ಸಾಯಿಸುತೆ ಹಳೆಯ ದಾರಿಯನ್ನು ಬಿಡದೆ ಹಿಡಿದಿದ್ದರು. ಅವರ ಪುಸ್ತಕದೊಳಗೆ ಹೋದರೆ ಮನೆಯೊಳಗೆ ಹೋದ ಹಾಗೆ. ಚಪ್ಪಲಿ ಬಿಟ್ಟು ಕೂತರೆ ಏಳಲು ಮನಸ್ಸು ಬಾರದು.

ಈಚಿನವರಲ್ಲಿ ಕೆ.ಎನ್. ಗಣೇಶಯ್ಯ ನಿಲ್ಲಿಸುವ ರೀತಿ ವಿಚಿತ್ರವಾಗಿದೆ. ವೃತ್ತಿಯಿಂದ ಕೃಷಿ ವಿಜ್ಞಾನಿ. ‘ಕರಿಸಿರಿಯಾನ’, ‘ಚಿತಾದಂತ’ದಂಥ ಥ್ರಿಲ್ಲರುಗಳಲ್ಲಿ ಓಟ ಜೋರಾಗಿರುವಾಗಲೇ ಶಾಸನ, ದೇವಾಲಯ, ಹಳೆಯ ದಾಖಲೆ ಎದುರಿಗೆ ಬಂದು ಕೂರುತ್ತವೆ. ಬೆನ್ನಟ್ಟಿ ಬಂದವನೂ ತಪ್ಪಿಸಿಕೊಳ್ಳುವವನೂ ಒಂದು ಘಳಿಗೆ ಇತಿಹಾಸದ ಪಾಠ ಕೇಳಿ ಮತ್ತೆ ಓಡುತ್ತಾರೆ. ನನಗೆ ಓಟಕ್ಕಿಂತ ಪಾಠವೇ ಇಷ್ಟ. ಅನುಷ್ ಎ. ಶೆಟ್ಟಿಯವರ ‘ಹುಲಿ ಪತ್ರಿಕೆ’ಯನ್ನು ಹೊಸ ಹುಡುಗರು ಕೈಯಿಂದ ಕೈಗೆ ದಾಟಿಸುತ್ತಿರುವುದನ್ನು ಕಂಡರೆ ಸರ್ಕ್ಯುಲೇಟಿಂಗ್ ಲೈಬ್ರರಿ ಬೇರೆ ರೂಪದಲ್ಲಿ ಬದುಕಿದೆ ಅನ್ನಿಸುತ್ತದೆ. ಫೋನಿನಲ್ಲಿ ಕಂತು ಕಂತಾಗಿ ಬರುವ ಕತೆಗಳನ್ನೂ ಓದಿ ನೋಡಿದ್ದೇನೆ. ಅಲ್ಲಿ ಬಾಗಿಲು ಬಡಿದವನು ಯಾವಾಗಲೂ ಶತ್ರುವೇ. ಹಾಲಿನವನು ಬರುವುದೇ ಇಲ್ಲ. ಕಂತು ಚಿಕ್ಕದು, ಆಘಾತ ದಿನವೂ. ಓದುಗರೇ ಅವಸರಪಡಿಸುತ್ತಾರೋ ಬರೆಯುವವರೇ ಹೆದರುತ್ತಾರೋ, ಅಂತೂ ಬುತ್ತಿ ಕಟ್ಟುವವರು ಯಾರೂ ಕಾಣಲಿಲ್ಲ.

ಹಳೆಯ ಧಾರಾವಾಹಿಗಳು ಮರುಮುದ್ರಣವಾಗುತ್ತಿರುವುದು ಸಂತೋಷದ ವಿಷಯ. ಮುದ್ರಿಸುವವರಲ್ಲಿ ನನ್ನದೊಂದು ಸಣ್ಣ ಅಹವಾಲಿದೆ. ಹಕ್ಕುಗಳ ಪುಟದಲ್ಲಿ ಬೆಲೆ, ಕಾಗದದ ತೂಕ, ಮುದ್ರಕರ ವಿಳಾಸ ಎಲ್ಲ ಹಾಕುತ್ತೀರಿ. ಅದರ ಕೆಳಗೆ ಇನ್ನೊಂದು ಸಾಲು: ಈ ಕಾದಂಬರಿ ಯಾವ ಪತ್ರಿಕೆಯಲ್ಲಿ, ಯಾವ ಸಂಚಿಕೆಯಿಂದ ಯಾವ ಸಂಚಿಕೆಯವರೆಗೆ ಬಂತು? ಕಾದಂಬರಿಯೊಳಗೆ ಹೋಳಿಗೆ ಬೇಯುವ ಅಧ್ಯಾಯ ಯುಗಾದಿಯ ವಾರದ್ದೇ ಇರಬಹುದು. ಸೋರುವ ಮಾಡಿನ ಅಧ್ಯಾಯ ಆಷಾಢದ್ದು. ಹೊರಗೆ ಮಳೆ, ಒಳಗೆ ಪತ್ರಿಕೆಯಲ್ಲೂ ಮಳೆ, ಹಾಗೆ ಓದಿದವರಿದ್ದಾರೆ. ತಾರೀಕು ಗೊತ್ತಾದರೆ ನಾನೂ ಆ ಪುಟಗಳನ್ನು ಅವುಗಳ ತಿಂಗಳಿಗೇ ಎತ್ತಿಟ್ಟುಕೊಂಡು ಓದುವೆ. ಚಿತ್ರಗಳನ್ನೂ ಸೇರಿಸಿದರೆ ಬೆಲೆ ಸ್ವಲ್ಪ ಏರಿದರೂ ತಕರಾರಿಲ್ಲ.