‘ಹಾರ್ಟಸ್ ಮಲಬಾರಿಕಸ್’: ಯಾರ ಜ್ಞಾನ, ಯಾರ ಗ್ರಂಥ?

ಬಸಳೆ ಸೊಪ್ಪಿನ ವೈಜ್ಞಾನಿಕ ಹೆಸರು ಬಸೆಲ್ಲಾ ಆಲ್ಬಾ. ಇದರ ಮೊದಲ ಪದ ಲಿನೇಯಸ್‌ಗೆ ದೊರೆತದ್ದು ‘ಹಾರ್ಟಸ್ ಮಲಬಾರಿಕಸ್’ನಿಂದ. 1678ರಿಂದ 1693ರವರೆಗೆ ಆಂಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾದ ಈ ಲ್ಯಾಟಿನ್ ಗ್ರಂಥದಲ್ಲಿ ಮಲಬಾರಿನ 700ಕ್ಕೂ ಹೆಚ್ಚು ಸಸ್ಯಗಳ ವಿವರಣೆಯಿದೆ.

ಇದನ್ನು ಕೇವಲ ಜ್ಞಾನದಾಹದ ಫಲವೆಂದು ಹೊಗಳುವುದು ವಾಡಿಕೆ. ಅದು ಅರ್ಧಸತ್ಯ. ಗ್ರಂಥವನ್ನು ಸಿದ್ಧಪಡಿಸಿದ ವಾನ್ ರೀಡ್, 1663ರಲ್ಲಿ ಕೊಚ್ಚಿಯನ್ನು ಗೆದ್ದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ. ಕಂಪನಿಯ ಸೈನಿಕರಿಗೆ ಔಷಧ ಬೇಕಿತ್ತು. ಯೂರೋಪಿನಿಂದ ಹಡಗಿನಲ್ಲಿ ಬಂದದ್ದು ದುಬಾರಿ, ಎಷ್ಟೋ ಸಲ ಸತ್ವ ಕಳೆದುಕೊಂಡದ್ದು. ಗಿಡಗಳನ್ನು ತರಿಸಲು, ಚಿತ್ರ ಬರೆಸಲು ಅವನ ಅಧಿಕಾರವೇ ನೆರವಾಯಿತು.

ಗಿಡಗಳ ಗುಣ ತಿಳಿಸಿದವರು ಈಳವ ವೈದ್ಯ ಇಟ್ಟಿ ಅಚ್ಚುದನ್ ಹಾಗೂ ಕೊಂಕಣಿ ಪಂಡಿತರಾದ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ. ಅವರ ಪ್ರಮಾಣಪತ್ರಗಳನ್ನು ರೀಡ್ ಮೊದಲ ಸಂಪುಟದಲ್ಲೇ ಅಚ್ಚು ಹಾಕಿಸಿದ. ಅದು ಮೆಚ್ಚಬೇಕಾದ ಪ್ರಾಮಾಣಿಕತೆ. ಆದರೆ ನಮ್ಮ ಪಾಠಗಳಲ್ಲಿ ನಾಮಕರಣ ಮಾಡಿದವನಿಗೆ ಸಿಗುವ ಸ್ಥಾನ ಈ ವೈದ್ಯರಿಗೆ ಸಿಕ್ಕಿಲ್ಲ. ತರಗತಿಯಲ್ಲಿ ಲಿನೇಯಸ್‌ನ ಪ್ರಸ್ತಾಪ ಬಂದಾಗ ಈ ನಾಲ್ವರ ಹೆಸರೂ ಬರಲಿ.