ಪ್ರಿನ್ಸ್ ಆಲ್ಬರ್ಟ್ ಕ್ಷೇತ್ರದ ಮತವೃತ್ತಾಂತ: ಒಂದು ಪಾಠವಿಮರ್ಶೆ

ಒಂದೇ ಹೆಸರನ್ನು ಹೊತ್ತು ಬಂದಿರುವ ಪ್ರತಿಗಳೆಲ್ಲವೂ ಒಂದೇ ಗ್ರಂಥದ ಪ್ರತಿಗಳೆಂದು ಮೊದಲೇ ನಂಬಿಬಿಡಬಾರದೆಂಬುದು ಗ್ರಂಥಸಂಪಾದಕರಿಗೆ ಸುಪರಿಚಿತವಾದ ನಿಯಮ. ಪ್ರತಿಯು ಯಾವ ಕಾಲದ್ದು, ಯಾರ ಕೈಯಿಂದ ಹೊರಟದ್ದು, ಅದರಲ್ಲಿ ಬಿಟ್ಟುದೇನು, ಸೇರಿದುದೇನು ಎಂಬುದನ್ನು ಅರಿತ ಮೇಲೆಯೇ ಅರ್ಥವಿಚಾರಕ್ಕೆ ಕೈಹಾಕಬೇಕು. ಚುನಾವಣಾ ಕ್ಷೇತ್ರಗಳ ಚರಿತ್ರೆಯನ್ನು ಬರೆಯುವವರು ಈ ನಿಯಮವನ್ನು ಪಾಲಿಸುವುದು ಅಪೂರ್ವ. ವರ್ಷ, ಗೆದ್ದವರ ಹೆಸರು, ಪಕ್ಷ ಎಂಬ ಮೂರು ಅಂಕಣಗಳ ಪಟ್ಟಿಯೊಂದನ್ನು ಮುಂದಿಟ್ಟುಕೊಂಡು, ಇದು ಇಂಥ ಪಕ್ಷದ ಕ್ಷೇತ್ರ, ಇಲ್ಲಿಯ ಜನರ ಒಲವು ಇಂಥದು ಎಂದು ತೀರ್ಮಾನಿಸುವುದು ವಾಡಿಕೆಯಾಗಿದೆ. ಅಂಥ ಪಟ್ಟಿಯು ಯಾವ ವಿಷಯಕ್ಕೆ ಪ್ರಮಾಣ, ಯಾವುದಕ್ಕೆ ಅಲ್ಲ ಎಂಬುದನ್ನು ವಿವೇಚಿಸುವುದಕ್ಕೆ ಕೆನಡಾ ದೇಶದ ಪ್ರಿನ್ಸ್ ಆಲ್ಬರ್ಟ್ ಕ್ಷೇತ್ರವು ತಕ್ಕ ನಿದರ್ಶನವಾಗಿದೆ.

ಪ್ರಿನ್ಸ್ ಆಲ್ಬರ್ಟ್ ಎಂಬುದು ಸಾಸ್ಕಾಚೆವಾನ್ ಪ್ರಾಂತದಲ್ಲಿ ಉತ್ತರ ಸಾಸ್ಕಾಚೆವಾನ್ ನದಿಯ ದಡದ ಮೇಲಿರುವ ನಗರ. ದಕ್ಷಿಣದ ಗೋಧಿಯ ಬಯಲುಗಳೂ ಉತ್ತರದ ಅರಣ್ಯಗಳೂ ಸಂಧಿಸುವ ಎಡೆ ಅದು. ೧೮೬೬ರಲ್ಲಿ ಜೇಮ್ಸ್ ನಿಸ್ಬೆಟ್ ಎಂಬ ಪಾದ್ರಿಯು ಅಲ್ಲಿ ಒಂದು ಧರ್ಮಕೇಂದ್ರವನ್ನು ಸ್ಥಾಪಿಸಿ, ವಿಕ್ಟೋರಿಯಾ ರಾಣಿಯ ಪತಿಯ ಹೆಸರನ್ನು ಅದಕ್ಕೆ ಇಟ್ಟನು. ೧೮೭೬ರಲ್ಲಿ ಅಲ್ಲಿಯ ಮೂಲನಿವಾಸಿಗಳಿಗೂ ರಾಜಸತ್ತೆಗೂ ಆದ ಆರನೆಯ ಕೌಲಿನ ನೆಲದಲ್ಲಿ ಈ ಪ್ರದೇಶವು ಸೇರಿದೆ. ಸಾಸ್ಕಾಚೆವಾನ್ ಪ್ರಾಂತವು ರಚಿತವಾದುದು ೧೯೦೫ರಲ್ಲಿ. ಒಕ್ಕೂಟದ ಪಾರ್ಲಿಮೆಂಟಿಗೆ ಈ ಹೆಸರಿನ ಕ್ಷೇತ್ರವು ಮೊದಲು ಪ್ರತಿನಿಧಿಯನ್ನು ಆರಿಸಿದುದು ೧೯೦೮ರಲ್ಲಿ.

ಈ ಕ್ಷೇತ್ರವನ್ನು ಕುರಿತು ಎರಡು ಮಾತುಗಳು ಪರೀಕ್ಷೆಗೆ ಅರ್ಹವಾಗಿವೆ. ಮೂವರು ಪ್ರಧಾನಮಂತ್ರಿಗಳನ್ನು ಆರಿಸಿದ ಕ್ಷೇತ್ರವಿದು ಎಂಬುದು ಒಂದು. ಇದು ಪ್ರಶಸ್ತಿಯ ಮಾತು. ಡೀಫನ್‌ಬೇಕರ್ ಅವರ ಕಾಲದಿಂದ ಇದು ಕನ್ಸರ್ವೇಟಿವರ ನೆಲೆ ಎಂಬುದು ಇನ್ನೊಂದು. ಇದು ಪಟ್ಟಿಯನ್ನು ಮೇಲೆಮೇಲೆ ಓದಿದವರಿಗೆ ಸಹಜವಾಗಿ ತೋರುವ ಅಭಿಪ್ರಾಯ.

ಮೊದಲನೆಯ ಮಾತಿನಲ್ಲಿ ಎಣಿಸಲ್ಪಡುವ ಮೂವರು ವಿಲ್ಫ್ರಿಡ್ ಲಾರಿಯೆ, ಮೆಕೆಂಜಿ ಕಿಂಗ್, ಜಾನ್ ಡೀಫನ್‌ಬೇಕರ್ ಎಂಬವರು. ಲಾರಿಯೆ ಅವರು ೧೮೯೬ರಲ್ಲಿ ಗೆದ್ದುದು ಆಗ ವಾಯವ್ಯ ಪ್ರದೇಶಗಳಿಗೆ ಸೇರಿದ್ದ ಸಾಸ್ಕಾಚೆವಾನ್ ಎಂಬ ಕ್ಷೇತ್ರದಲ್ಲಿ. ಪ್ರಿನ್ಸ್ ಆಲ್ಬರ್ಟ್ ಊರು ಅದರೊಳಗೆ ಇದ್ದಿತೆಂಬುದು ನಿಜ. ಆ ಹೆಸರಿನ ಕ್ಷೇತ್ರವು ಮಾತ್ರ ಇನ್ನೂ ಹುಟ್ಟಿರಲಿಲ್ಲ. ಅದೇ ವರ್ಷ ಕ್ವಿಬೆಕ್ ಪೂರ್ವ ಕ್ಷೇತ್ರದಲ್ಲಿಯೂ ಗೆದ್ದಿದ್ದ ಲಾರಿಯೆ ಅವರು ಅದನ್ನೇ ಉಳಿಸಿಕೊಂಡು ಇದನ್ನು ಬಿಟ್ಟುಕೊಟ್ಟರು. ಆದುದರಿಂದ ಈ ಮೊದಲ ಹೆಸರನ್ನು ಪ್ರಕ್ಷಿಪ್ತವೆಂದು ಬದಿಗಿಡುವುದೇ ಯುಕ್ತ.

ಎರಡನೆಯ ಹೆಸರು ಮೂಲದಲ್ಲಿಯೇ ಇರುವಂಥದು. ಆದರೆ ಅದು ಅಲ್ಲಿಗೆ ಬಂದ ಬಗೆಯನ್ನು ಗಮನಿಸಬೇಕು. ೧೯೨೫ರ ಸಾರ್ವತ್ರಿಕ ಚುನಾವಣೆಯಲ್ಲಿ ಕಿಂಗ್ ಅವರು ಆಂಟೇರಿಯೊ ಪ್ರಾಂತದ ಯಾರ್ಕ್ ಉತ್ತರದಲ್ಲಿ ಸೋತರು. ಪ್ರಧಾನಿಯ ಪದವಿಯಿದ್ದರೂ ಸಭೆಯಲ್ಲಿ ಸ್ಥಾನವಿಲ್ಲದಾಯಿತು. ಪ್ರಿನ್ಸ್ ಆಲ್ಬರ್ಟಿನಿಂದ ಆಗತಾನೆ ಗೆದ್ದಿದ್ದ ಲಿಬರಲ್ ಪಕ್ಷದ ಚಾರ್ಲ್ಸ್ ಮೆಕ್‌ಡೊನಾಲ್ಡ್ ಅವರು ತಮ್ಮ ಸ್ಥಾನವನ್ನು ತೆರವು ಮಾಡಿದರು. ೧೯೨೬ರ ಫೆಬ್ರವರಿಯ ಉಪಚುನಾವಣೆಯಲ್ಲಿ ಒಬ್ಬ ಸ್ವತಂತ್ರ ಉಮೇದುವಾರನನ್ನು ಸೋಲಿಸಿ ಕಿಂಗ್ ಅವರು ಅಲ್ಲಿಯ ಸದಸ್ಯರಾದರು. ಮರುವರ್ಷವೇ, ಎಂದರೆ ೧೯೨೭ರಲ್ಲಿ, ಕ್ಷೇತ್ರದ ಪಕ್ಕದಲ್ಲಿ ಪ್ರಿನ್ಸ್ ಆಲ್ಬರ್ಟ್ ರಾಷ್ಟ್ರೀಯ ಉದ್ಯಾನವು ಏರ್ಪಟ್ಟಿತು. ಆರಿಸಿದವರು ಕೇಳಿದ್ದನ್ನು ಆರಿಸಲ್ಪಟ್ಟವರು ಕೊಟ್ಟರು. ಮತವೆಂಬುದು ಒಲವಿನ ಗುರುತಾಗಿರುವಂತೆ ವಿನಿಮಯದ ಗುರುತೂ ಆಗಬಹುದೆಂಬುದು ಇದರಿಂದ ವಿಶದವಾಗುವುದು.

ಈ ವಿನಿಮಯವು ಶಾಶ್ವತವಾದ ನಿಷ್ಠೆಯಾಗಿ ಪರಿಣಮಿಸಲಿಲ್ಲ. ಹತ್ತೊಂಬತ್ತು ವರ್ಷಗಳ ತರುವಾಯ, ೧೯೪೫ರ ಜೂನಿನಲ್ಲಿ, ದೇಶದಲ್ಲಿ ಕಿಂಗ್ ಅವರ ಪಕ್ಷವು ಗೆದ್ದರೂ ಅವರು ಈ ಕ್ಷೇತ್ರದಲ್ಲಿ ಸೋತರು. ಸೈನಿಕರ ಮತಗಳನ್ನು ಎಣಿಸಿದ ಮೇಲೆ, ಸಿ. ಸಿ. ಎಫ್. ಎಂಬ ಸಹಕಾರವಾದಿ ಪಕ್ಷದ ಎಡ್ವರ್ಡ್ ಬೋವರ್‌ಮನ್ ಅವರು ೧೨೯ ಮತಗಳ ಅಂತರದಿಂದ ಮುಂದಾದರು. ಇದನ್ನು ಊರಿನ ಕೃತಘ್ನತೆಯೆಂದು ಬಗೆಯುವುದು ಸಲ್ಲದು. ಒಂದು ವರ್ಷದ ಹಿಂದೆ, ೧೯೪೪ರಲ್ಲಿ, ಅದೇ ಪಕ್ಷವು ಟಾಮಿ ಡಗ್ಲಸ್ ಅವರ ನಾಯಕತ್ವದಲ್ಲಿ ಪ್ರಾಂತದ ೫೨ ಸ್ಥಾನಗಳಲ್ಲಿ ೪೭ನ್ನು ಪಡೆದಿತ್ತು. ೧೯೪೫ರಲ್ಲಿ ಒಕ್ಕೂಟದ ಸಭೆಗೆ ಸಾಸ್ಕಾಚೆವಾನ್ ಕಳುಹಿಸಿದ ೨೧ ಸದಸ್ಯರಲ್ಲಿ ೧೮ ಮಂದಿ ಆ ಪಕ್ಷದವರು. ಪ್ರಾಂತವನ್ನೆಲ್ಲ ವ್ಯಾಪಿಸಿದ ಆ ಪ್ರವಾಹದಲ್ಲಿ ಪ್ರಧಾನಿಯು ಕೇವಲ ೧೨೯ ಮತಗಳಿಂದ ಸೋತುದೇ, ಅವರ ವೈಯಕ್ತಿಕ ಬಲವು ಎಷ್ಟಿತ್ತೆಂಬುದಕ್ಕೆ ಸಾಕ್ಷಿಯೆನ್ನಬಹುದು. ಪಟ್ಟಿಯಲ್ಲಿ ಬರಿಯ ಸೋಲು ಕಾಣುವುದು. ಸುತ್ತಣ ಸಂದರ್ಭವನ್ನು ಕೂಡಿಸಿ ಓದಿದಾಗ ಅರ್ಥವು ಬಹುಮಟ್ಟಿಗೆ ತಿರುಗಿಬಿಡುವುದು.

ಮೂರನೆಯವರಾದ ಡೀಫನ್‌ಬೇಕರ್ ಅವರ ವೃತ್ತಾಂತವು ಎರಡನೆಯ ಮಾತಿನ ಪರೀಕ್ಷೆಗೂ ಆಧಾರವಾಗಿದೆ. ವಕೀಲರಾದ ಅವರು ೧೯೨೪ರಲ್ಲಿ ಪ್ರಿನ್ಸ್ ಆಲ್ಬರ್ಟಿಗೆ ಬಂದು ನೆಲೆಸಿದರು. ಆ ಊರು ಅವರನ್ನು ಒಡನೆಯೇ ಒಪ್ಪಿಕೊಂಡಿತೆಂದು ತಿಳಿಯಬಾರದು. ೧೯೨೫ರಲ್ಲಿ ಒಕ್ಕೂಟದ ಸಭೆಗೆ ನಿಂತು ಸೋತರು; ೧೯೨೬ರಲ್ಲಿ ಕಿಂಗ್ ಅವರಿಗೇ ಎದುರಾಗಿ ಸೋತರು; ೧೯೨೯ರಲ್ಲಿ ಪ್ರಾಂತದ ಸಭೆಗೂ ೧೯೩೩ರಲ್ಲಿ ನಗರಾಧ್ಯಕ್ಷ ಪದವಿಗೂ ನಿಂತು ಸೋತರು. ಅವರಿಗೆ ಪಾರ್ಲಿಮೆಂಟಿನ ಬಾಗಿಲು ತೆರೆದುದು ೧೯೪೦ರಲ್ಲಿ, ಲೇಕ್ ಸೆಂಟರ್ ಎಂಬ ಬೇರೊಂದು ಕ್ಷೇತ್ರದಿಂದ. ಸಾಸ್ಕಾಚೆವಾನಿನ ಸ್ಥಾನಗಳು ೨೦ರಿಂದ ೧೭ಕ್ಕೆ ಇಳಿದಾಗ, ೧೯೫೨ರ ಮರುವಿಂಗಡಣೆಯಲ್ಲಿ ಆ ಕ್ಷೇತ್ರವೇ ಅಳಿಸಿಹೋಯಿತು. ತಮ್ಮನ್ನು ಹೊರಹಾಕುವುದಕ್ಕಾಗಿಯೇ ಆಳುವ ಪಕ್ಷವು ಹೀಗೆ ಗೆರೆಯೆಳೆಯಿತೆಂಬುದು ಅವರ ದೃಢವಾದ ನಂಬಿಕೆ. ಎಲ್ಲೆಗಳನ್ನು ಆಗ ಪಾರ್ಲಿಮೆಂಟೇ ನಿರ್ಣಯಿಸುತ್ತಿದ್ದುದರಿಂದ ಅಂಥ ಸಂಶಯಕ್ಕೆ ಎಡೆಯಿತ್ತು. ಆ ಕೆಲಸವು ಸ್ವತಂತ್ರ ಆಯೋಗಗಳ ಕೈಗೆ ಬಂದುದು ೧೯೬೪ರ ಕಾನೂನಿನಿಂದ. ಉದ್ದೇಶವು ಏನೇ ಇದ್ದಿರಲಿ, ಗೆರೆಯು ಬದಲಾದುದರ ಫಲವಾಗಿಯೇ ಅವರು ೧೯೫೩ರಲ್ಲಿ ತಮ್ಮ ಊರಿಗೆ ಮರಳಿ ಉಮೇದುವಾರರಾಗಿ ನಿಂತು ಗೆದ್ದರು.

ಆ ವರ್ಷ ಸಾಸ್ಕಾಚೆವಾನಿನ ಹದಿನೇಳು ಸ್ಥಾನಗಳಲ್ಲಿ ಅವರ ಪಕ್ಷಕ್ಕೆ ಬಂದುದು ಇದೊಂದೇ. ಅಲ್ಲಿಂದ ೧೯೭೯ರ ವರೆಗೆ ಹತ್ತು ಸಾರ್ವತ್ರಿಕ ಚುನಾವಣೆಗಳಲ್ಲಿ ಅವರೇ ಗೆದ್ದರು. ೧೯೫೭ರಲ್ಲಿ ಪ್ರಧಾನಿಯಾದರು, ೧೯೬೩ರಲ್ಲಿ ಆ ಪದವಿ ಹೋಯಿತು, ೧೯೬೭ರಲ್ಲಿ ಪಕ್ಷದ ನಾಯಕತ್ವವೂ ಹೋಯಿತು. ಕ್ಷೇತ್ರವು ಮಾತ್ರ ಅವರನ್ನು ಬಿಡಲಿಲ್ಲ. ಇಪ್ಪತ್ತಾರು ವರ್ಷಗಳ ಈ ಸಾಲನ್ನು ಪಕ್ಷದ ಅಂಕಣದಲ್ಲಿ ಓದಿದರೆ ಕನ್ಸರ್ವೇಟಿವ್ ನೆಲೆಯೆಂದೇ ತೋರುವುದು. ಆದರೆ ೧೯೭೯ರ ಆಗಸ್ಟಿನಲ್ಲಿ ಅವರು ತೀರಿಕೊಂಡರು. ನವೆಂಬರಿನ ಉಪಚುನಾವಣೆಯಲ್ಲಿ ಸಿ. ಸಿ. ಎಫ್. ಪಕ್ಷದ ಉತ್ತರಾಧಿಕಾರಿಯಾದ ನ್ಯೂ ಡೆಮೊಕ್ರಾಟಿಕ್ ಪಕ್ಷದ ಸ್ಟಾನ್ ಹೋವ್ಡೆಬೊ ಅವರು ಆ ಸ್ಥಾನವನ್ನು ಪಡೆದರು. ೧೯೮೦ರಲ್ಲಿಯೂ ೧೯೮೪ರಲ್ಲಿಯೂ ಅದನ್ನು ಉಳಿಸಿಕೊಂಡರು. ಮೂರು ತಿಂಗಳಲ್ಲಿ ಜನರ ತತ್ತ್ವನಿಷ್ಠೆ ತಲೆಕೆಳಗಾಯಿತೆಂಬುದು ನಂಬತಕ್ಕ ಮಾತಲ್ಲ. ಆ ಇಪ್ಪತ್ತಾರು ವರ್ಷ ಬಿದ್ದ ಮತಗಳಲ್ಲಿ ನಿರ್ಣಾಯಕವಾದ ಭಾಗವು ಪಕ್ಷಕ್ಕಲ್ಲ, ವ್ಯಕ್ತಿಗೆ ಸಂದುದೆಂಬುದೇ ಸರಿಯಾದ ಅನ್ವಯ.

೧೯೮೮ರಲ್ಲಿ ಪಾಠವು ಮತ್ತೆ ಬದಲಾಗುವುದು. ಆಗ ಉತ್ತರದ ವಿಸ್ತಾರವಾದ ಪ್ರದೇಶವನ್ನು ಒಳಗೊಂಡು ಪ್ರಿನ್ಸ್ ಆಲ್ಬರ್ಟ್–ಚರ್ಚಿಲ್ ರಿವರ್ ಎಂಬ ಹೊಸ ಕ್ಷೇತ್ರವು ಬಂದಿತು; ಆ ವರ್ಷ ನ್ಯೂ ಡೆಮೊಕ್ರಾಟಿಕ್ ಪಕ್ಷವೂ ೧೯೯೩ರಲ್ಲಿ ಲಿಬರಲ್ ಪಕ್ಷವೂ ಅಲ್ಲಿ ಗೆದ್ದವು. ೧೯೯೭ರಲ್ಲಿ ಮೂಲನಿವಾಸಿಗಳೂ ಮೆಟಿ ಜನರೂ ಬಹುಸಂಖ್ಯೆಯಲ್ಲಿರುವ ಉತ್ತರಭಾಗವು ಬೇರೆಯಾಗಿ, ಹಳೆಯ ಹೆಸರು ಮರಳಿತು. ಗೆದ್ದುದು ರಿಫಾರ್ಮ್ ಪಕ್ಷ. ೨೦೦೦ದಲ್ಲಿ ಕೆನೇಡಿಯನ್ ಅಲಯನ್ಸ್, ೨೦೦೪ರಿಂದ ಮುಂದೆ ಹೊಸ ಕನ್ಸರ್ವೇಟಿವ್ ಪಕ್ಷ, ಹೀಗೆ ಆ ಸಾಲು ಮುಂದುವರಿಯಿತು. ಈ ಬದಲಾವಣೆಯನ್ನೆಲ್ಲ ಗೆರೆಯ ಮೇಲೆಯೇ ಹೊರಿಸುವುದೂ ಅತಿಯಾದೀತು; ೧೯೯೭ರಲ್ಲಿ ರಿಫಾರ್ಮ್ ಪಕ್ಷವು ಪ್ರಾಂತದ ೧೪ ಸ್ಥಾನಗಳಲ್ಲಿ ೮ನ್ನು ಗೆದ್ದುದರಿಂದ ಜನರ ಮನಸ್ಸೂ ತಿರುಗಿದ್ದುದು ನಿಶ್ಚಯ. ಆದರೂ ಡೀಫನ್‌ಬೇಕರ್ ಅವರ ಕಾಲಕ್ಕೂ ಇದಕ್ಕೂ ನಡುವೆ ಹದಿನೆಂಟು ವರ್ಷಗಳ ಅಂತರವಿದೆ. ಎಲ್ಲೆ ಬೇರೆ, ಪಕ್ಷವು ಬೇರೆ ಬೇರಿನಿಂದ ಬೆಳೆದುದು. ಇವೆರಡನ್ನೂ ಒಂದೇ ಪರಂಪರೆಯೆನ್ನುವುದು ನಾಮಸಾಮ್ಯದಿಂದಾದ ಭ್ರಮೆ.

ಇಷ್ಟು ಎಲ್ಲೆಯ ಮಾತಾಯಿತು. ಇದಕ್ಕಿಂತ ಗುರುತರವಾದುದು ಮತದಾರರ ಪಟ್ಟಿಯ ವಿಚಾರ. ೧೯೧೭ರಲ್ಲಿ ಈ ಕ್ಷೇತ್ರದಿಂದ ಯುದ್ಧಕಾಲದ ಸಂಯುಕ್ತ ಸರಕಾರದ ಪಕ್ಷದ ಆಂಡ್ರೂ ನಾಕ್ಸ್ ಅವರು ಗೆದ್ದರು. ಆ ವರ್ಷದ ವಿಶೇಷ ಕಾನೂನು, ಶತ್ರುದೇಶಗಳಲ್ಲಿ ಹುಟ್ಟಿ ೧೯೦೨ರ ಮಾರ್ಚಿನ ತರುವಾಯ ಪೌರತ್ವ ಪಡೆದಿದ್ದವರ ಮತಾಧಿಕಾರವನ್ನು ಕಿತ್ತುಕೊಂಡು, ಸೈನಿಕರ ಬಂಧುಗಳಾದ ಹೆಂಗಸರಿಗೆ ಅದನ್ನು ಕೊಟ್ಟಿತ್ತು. ಜರ್ಮನ್ ಮತ್ತು ಉಕ್ರೇನಿಯನ್ ವಲಸೆಗಾರರು ಹೇರಳವಾಗಿದ್ದ ಸಾಸ್ಕಾಚೆವಾನಿನಲ್ಲಿ ಇದು ಸಣ್ಣ ತಿದ್ದುಪಡಿಯಲ್ಲ. ೧೯೧೮ರಲ್ಲಿ ಸ್ತ್ರೀಯರಿಗೆಲ್ಲ ಸಾಮಾನ್ಯವಾಗಿ ಮತಾಧಿಕಾರ ಬಂದು, ೧೯೨೧ರಲ್ಲಿ ಅದೇ ನಾಕ್ಸ್ ಅವರು ಪ್ರೋಗ್ರೆಸಿವ್ ಎಂಬ ರೈತಪಕ್ಷದಿಂದ ಗೆದ್ದರು. ವ್ಯಕ್ತಿ ಒಬ್ಬರೇ, ಪಕ್ಷ ಬೇರೆ, ಮತದಾರ ಸಮುದಾಯವೂ ಬೇರೆ. ಪ್ರಾಂತವು ಜನಾಂಗದ ಕಾರಣದಿಂದ ಹೊರಗಿಟ್ಟವರನ್ನು ಒಕ್ಕೂಟವೂ ಹೊರಗಿಡುತ್ತಿದ್ದುದರಿಂದ, ೧೯೦೮ರಿಂದ ಸಾಸ್ಕಾಚೆವಾನಿನ ಚೀಣೀಯರು ಈ ದಾಖಲೆಯಲ್ಲಿ ಇಲ್ಲ. ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ ಭಾರತೀಯರು ೧೯೦೭ರಿಂದ ೧೯೪೭ರ ವರೆಗೆ ಅನುಭವಿಸಿದುದೂ ಇದೇ ಬಹಿಷ್ಕಾರ. ಒಕ್ಕೂಟದ ಕಾನೂನಿನಿಂದ ಆ ವಿಧಿಯು ಅಳಿದುದು ೧೯೪೮ರಲ್ಲಿ.

ಎಲ್ಲಕ್ಕಿಂತ ದೊಡ್ಡ ಲೋಪವು ನೆಲದ ಮೂಲನಿವಾಸಿಗಳದು. ಕೌಲಿನಿಂದ ಬಂದ ತಮ್ಮ ಸ್ಥಾನಮಾನವನ್ನು ತೊರೆಯದೆ ಅವರಲ್ಲಿ ಹೆಚ್ಚಿನವರು ಮತ ಕೊಡುವಂತಿರಲಿಲ್ಲ. ಸೈನಿಕರೇ ಮೊದಲಾದ ಕೆಲವರು ಮಾತ್ರ ಅಪವಾದ. ಈ ನಿರ್ಬಂಧವು ತೊಲಗಿದುದು ೧೯೬೦ರ ಜುಲೈ ೧ರಂದು. ಆಗ ಪ್ರಧಾನಿಯಾಗಿದ್ದವರು ಇದೇ ಕ್ಷೇತ್ರದ ಸದಸ್ಯರಾದ ಡೀಫನ್‌ಬೇಕರ್ ಅವರು. ಕೌಲು ಆಗಿ ಎಂಬತ್ತನಾಲ್ಕು ವರ್ಷಗಳಾಗಿದ್ದುವು. ಕ್ಷೇತ್ರವು ಮೊದಲ ಸದಸ್ಯನನ್ನು ಆರಿಸಿ ಐವತ್ತೆರಡು ವರ್ಷಗಳಾಗಿದ್ದುವು.

ಈಗ ಪಟ್ಟಿಯನ್ನು ಮತ್ತೊಮ್ಮೆ ನೋಡಬೇಕು. ೧೯೫೮ರ ಎದುರಿಗೆ ಡೀಫನ್‌ಬೇಕರ್, ೧೯೬೨ರ ಎದುರಿಗೂ ಡೀಫನ್‌ಬೇಕರ್, ಪಕ್ಷವೂ ಅದೇ. ಪಟ್ಟಿಯ ಪ್ರಕಾರ ಈ ನಾಲ್ಕು ವರ್ಷಗಳಲ್ಲಿ ಯಾವ ವಿಶೇಷವೂ ನಡೆಯಲಿಲ್ಲ. ಆ ಕ್ಷೇತ್ರದ ಮತಚರಿತ್ರೆಯಲ್ಲಿ ಅತ್ಯಂತ ಮುಖ್ಯವಾದ ಘಟನೆಯು ನಡೆದುದು ಆ ಎರಡು ಸಾಲುಗಳ ನಡುವೆಯೇ. ಗೆದ್ದವರ ಅಂಕಣವು ಅದನ್ನು ಹೇಳಲಾರದು, ಏಕೆಂದರೆ ಅದು ಪ್ರಶ್ನೆಗೆ ಬಂದ ಉತ್ತರವನ್ನು ಬರೆದಿಡುವುದೇ ಹೊರತು, ಪ್ರಶ್ನೆಯನ್ನು ಯಾರಲ್ಲಿ ಕೇಳಲಾಯಿತೆಂಬುದನ್ನು ಬರೆದಿಡುವುದಿಲ್ಲ.

ಆದುದರಿಂದ ಕ್ಷೇತ್ರಚರಿತ್ರೆಯನ್ನು ಬರೆಯುವವರು ಪ್ರತಿಯೊಂದು ಚುನಾವಣೆಯ ಎದುರಿಗೂ ಇನ್ನೆರಡು ಅಂಕಣಗಳನ್ನು ಸೇರಿಸುವುದು ಅವಶ್ಯಕ: ಆಗಿನ ಎಲ್ಲೆ ಯಾವುದು, ಆಗಿನ ಮತದಾರರು ಯಾರು. ಇವೆರಡನ್ನೂ ಬಿಟ್ಟು ಇಲ್ಲಿಯ ಜನರು ಎಂದೆಂದೂ ಹೀಗೆಯೇ ಮತವಿತ್ತರೆಂದು ಬರೆಯುವುದು ಬರಿಯ ಅಜಾಗರೂಕತೆಯಲ್ಲ. ಕೇಳದೆ ಬಿಟ್ಟವರ ಮೌನವನ್ನು ಸಮ್ಮತಿಯ ಲೆಕ್ಕಕ್ಕೆ ಜಮಾ ಕಟ್ಟಿದಂತೆ ಆಗುವುದು. ಓಲೆಗರಿಯಲ್ಲಿ ಹುಳು ತಿಂದ ಎಡೆಯನ್ನು ಸಂಪಾದಕನು ಚುಕ್ಕೆಗಳಿಂದ ಗುರುತಿಸುವನು, ಅಲ್ಲಿ ಅಕ್ಷರವೇ ಇರಲಿಲ್ಲವೆಂದು ಬಗೆದು ಪಾದವನ್ನು ಕೂಡಿಸಿಬಿಡುವುದಿಲ್ಲ. ಪ್ರಿನ್ಸ್ ಆಲ್ಬರ್ಟಿನ ದಾಖಲೆಗೆ ಅಷ್ಟು ಪ್ರಾಮಾಣಿಕತೆಯಾದರೂ ಸಲ್ಲಬೇಕು.