ಆಯ್ದದ್ದು ಮತ್ತು ಉಳಿದದ್ದು

ಆಯ್ಕೆಯೆಂಬುದು ವಿಮರ್ಶೆಯ ಮೊದಲ ಮೆಟ್ಟಿಲು. ನೂರು ಪದ್ಯಗಳ ನಡುವಿನಿಂದ ಒಂದನ್ನು ಎತ್ತಿ "ಇದು ಚೆನ್ನಾಗಿದೆ" ಎನ್ನುವವನು, ಕಾರಣವನ್ನು ಬಾಯಿಬಿಟ್ಟು ಹೇಳದಿದ್ದರೂ, ವಿಮರ್ಶಕನೇ ಸರಿ. ಆದರೆ ನಮ್ಮ ಕಾಲದಲ್ಲಿ ಈ ಕೆಲಸವನ್ನು ವಿಮರ್ಶಕರಿಗಿಂತ ಹೆಚ್ಚಾಗಿ ಮಾಡುತ್ತ ಬಂದವರು ಧ್ವನಿಮುದ್ರಿಕೆಯ ವ್ಯಾಪಾರಿಗಳು. ಒಬ್ಬ ಗಾಯಕನೋ ಒಂದು ತಂಡವೋ ನಾಲ್ಕಾರು ವರ್ಷ ಹಾಡಿ ಹೆಸರು ಮಾಡಿದ ಮೇಲೆ, ಹೆಚ್ಚು ಮಾರಾಟವಾದ ಹಾಡುಗಳನ್ನು ಒಂದೆಡೆ ಸೇರಿಸಿ ಹೊಸ ಹೊದಿಕೆಯಲ್ಲಿ ಮಾರುವ ಪದ್ಧತಿ ಪಶ್ಚಿಮದಲ್ಲಿ ಬಹು ಕಾಲದಿಂದ ಉಂಟು. ಅದಕ್ಕೆ ಅಲ್ಲಿಯವರು 'ಗ್ರೇಟೆಸ್ಟ್ ಹಿಟ್ಸ್' ಎನ್ನುತ್ತಾರೆ. ನಮ್ಮಲ್ಲಿಯೂ 'ಆಯ್ದ ಭಾವಗೀತೆ'ಗಳಿಗೇನೂ ಕೊರತೆಯಿಲ್ಲ. ಇಂಥ ಸಂಕಲನದಿಂದ ಹಾಡಿಗೂ ಹಾಡು ಕಟ್ಟಿದವನಿಗೂ ಆಗುವ ಲಾಭವೇನು, ನಷ್ಟವೇನು ಎಂಬುದು ವಿಚಾರ ಮಾಡತಕ್ಕ ಪ್ರಶ್ನೆ.

ಈ ಪ್ರಕಾರದ ಮಾದರಿಯೆಂದು ಹೇಳಬಹುದಾದುದು ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಹುಟ್ಟಿದ 'ಈಗಲ್ಸ್' ಎಂಬ ರಾಕ್ ತಂಡದ ಸಂಕಲನ. ತಂಡ ಕಟ್ಟಿದ್ದು 1971ರಲ್ಲಿ. ನಾಲ್ಕು ಆಲ್ಬಂಗಳನ್ನು ಹೊರತಂದ ಮೇಲೆ, 1976ರ ಫೆಬ್ರವರಿಯಲ್ಲಿ ಈ ಸಂಕಲನ ಹೊರಬಂತು. ಇದರಲ್ಲಿರುವುದು 10 ಹಾಡು. ಅಲ್ಲಿಯ ಧ್ವನಿಮುದ್ರಣೋದ್ಯಮ ಸಂಘದವರು ಆ ವರ್ಷ 'ಪ್ಲಾಟಿನಂ' ಎಂಬ ಹೊಸ ಗೌರವವನ್ನು ಏರ್ಪಡಿಸಿದಾಗ ಅದು ಮೊದಲು ಸಂದದ್ದು ಈ ಆಲ್ಬಮ್ಮಿಗೇ. 2018ರಲ್ಲಿ ಅದೇ ಸಂಘ 3 ಕೋಟಿ 80 ಲಕ್ಷ ಪ್ರತಿಗಳ ಲೆಕ್ಕಕ್ಕೆ ಪ್ರಮಾಣಪತ್ರ ಕೊಟ್ಟಿತು. ಮೈಕೆಲ್ ಜಾಕ್ಸನ್ನನ 'ಥ್ರಿಲ್ಲರ್' ಕೂಡ ಆ ಪಟ್ಟಿಯಲ್ಲಿ ಇದರ ಹಿಂದೆ ಸರಿಯಿತು. ಬಿಡಿಯಾಗಿ ಹುಟ್ಟಿದ ಹಾಡುಗಳ ಒಂದು ಕಟ್ಟು, ಒಂದು ದೇಶದ ಸಂಗೀತ ವ್ಯಾಪಾರದ ತುತ್ತತುದಿಯನ್ನು ಮುಟ್ಟಿದ್ದು ಸಣ್ಣ ಮಾತಲ್ಲ.

ಇದರ ಗುಣವನ್ನು ಮೊದಲು ಹೇಳಬೇಕು. ಹತ್ತು ಹಾಡಿನಲ್ಲಿ ಸಪ್ಪೆಯಾದುದು ಒಂದೂ ಇಲ್ಲ. ಹಳ್ಳಿಗಾಡಿನ ಹಾಡಿನ ಸರಳತೆ, ಗಿಟಾರಿನ ಮಿತವಾದ ನುಡಿತ, ಹಲವು ಕೊರಳುಗಳು ಒಂದೇ ಕೊರಳೆಂಬಂತೆ ಬೆರೆಯುವ ಹದ, ಇವು ಮೊದಲಿನಿಂದ ಕೊನೆಯವರೆಗೂ ಸಮನಾಗಿವೆ. ರಾಕ್ ಎಂದರೆ ಬರಿಯ ಗದ್ದಲವೆಂದು ಕಿವಿ ಮುಚ್ಚಿಕೊಳ್ಳುವ ನಮ್ಮ ಹಿರಿಯರೂ ಇದನ್ನು ನೆಮ್ಮದಿಯಾಗಿ ಕೇಳಬಹುದು. ಆದರೆ ಈ ಗುಣದಲ್ಲಿಯೇ ದೋಷವೂ ಅಡಗಿದೆ. ಎಲ್ಲವೂ ಸಿಹಿಯಾದ ಊಟದಲ್ಲಿ ನಾಲಗೆ ಬೇಗ ದಣಿಯುತ್ತದೆ. ಮೂಲ ಆಲ್ಬಂಗಳಲ್ಲಿ ಒಂದು ಒರಟು ಹಾಡಿನ ಬಳಿಕ ಬಂದು ಮನಸ್ಸಿಗೆ ತಂಪೆರೆಯುತ್ತಿದ್ದ ಇಂಪು, ಇಲ್ಲಿ ಇಂಪಿನ ಬಳಿಕವೇ ಬಂದು ತನ್ನ ಬೆಲೆಯನ್ನು ತಾನೇ ಕಳೆದುಕೊಳ್ಳುತ್ತದೆ. ಹೊದಿಕೆಯ ಮೇಲೆ ಹದ್ದಿನ ತಲೆಬುರುಡೆಯ ಚಿತ್ರವಿದೆ. ಹಕ್ಕಿಯ ಗುರುತು ಸಿಕ್ಕುತ್ತದೆ, ಹಾರಾಟ ಸಿಕ್ಕುವುದಿಲ್ಲ. ಸಂಕಲನಕ್ಕೆ ಇದಕ್ಕಿಂತ ಒಪ್ಪುವ ಲಾಂಛನವನ್ನು ಕಲ್ಪಿಸುವುದು ಕಷ್ಟ.

ದೃಷ್ಟಾಂತಕ್ಕೆ 'ಡೆಸ್ಪರಾಡೋ' ಎಂಬ ಹಾಡನ್ನು ತೆಗೆದುಕೊಳ್ಳೋಣ. ಅದು 1973ರ ಅದೇ ಹೆಸರಿನ ಆಲ್ಬಮ್ಮಿಗೆ ಸೇರಿದ್ದು. ಅಮೆರಿಕದ ಪಶ್ಚಿಮ ಸೀಮೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೆಸರಾಗಿದ್ದ ದರೋಡೆಕೋರರ ಒಂದು ಗುಂಪಿನ ಕಥೆ ಆ ಆಲ್ಬಮ್ಮಿನ ಉದ್ದಕ್ಕೂ ಹರಿಯುತ್ತದೆ. ತಟ್ಟೆಯ ಮೊದಲ ಬದಿಯ ಕೊನೆಗೆ ಈ ಹಾಡು ಬರುತ್ತದೆ; ಎರಡನೆಯ ಬದಿಯ ಕೊನೆಗೆ ಕಥೆ ಮುಗಿಯುವಾಗ ಅದೇ ಧಾಟಿ ಮತ್ತೆ ಮರಳಿ, ಮೊದಲು ಬುದ್ಧಿವಾದವಾಗಿ ಕೇಳಿಸಿದ್ದು ಈಗ ಚರಮಗೀತೆಯಾಗಿ ಕೇಳಿಸುತ್ತದೆ. ಸಂಕಲನದಲ್ಲಿ ಕಥೆಯೂ ಇಲ್ಲ, ಮರಳುವಿಕೆಯೂ ಇಲ್ಲ. ಒಂಟಿ ಮನುಷ್ಯನೊಬ್ಬನಿಗೆ ಹೇಳಿದ ಸಾಂತ್ವನವಷ್ಟೇ ಉಳಿದಿದೆ. ಚಂದ್ರಮತಿಯ ಪ್ರಲಾಪವನ್ನು ಮಾತ್ರ ಗಮಕಿಗಳಿಂದ ಕೇಳಿದವನು ರಾಘವಾಂಕನ 'ಹರಿಶ್ಚಂದ್ರಕಾವ್ಯ'ವನ್ನು ಅಳುವಿನ ಕಾವ್ಯವೆಂದು ತಿಳಿಯುವುದಿಲ್ಲವೆ? ಇಂದ್ರಸಭೆಯಲ್ಲಿ ವಸಿಷ್ಠ ವಿಶ್ವಾಮಿತ್ರರಿಗೆ ಹತ್ತಿದ ವಾದದ ಉರಿ ಆ ಅಳುವಿನ ಕೆಳಗಿದೆಯೆಂಬುದು ಇಡೀ ಕಾವ್ಯವನ್ನು ಓದಿದವನಿಗೆ ಮಾತ್ರ ಗೊತ್ತು. ತಮ್ಮ ಹಾಡುಗಳನ್ನು ಹೀಗೆ ಕಿತ್ತು ಜೋಡಿಸಿದ್ದಕ್ಕೆ ತಂಡದವರಾದ ಡಾನ್ ಹೆನ್ಲಿಯವರೇ ಅಸಮಾಧಾನ ಹೇಳಿಕೊಂಡದ್ದುಂಟು.

ಇನ್ನೊಂದು ಸ್ವಾರಸ್ಯವನ್ನು ಗಮನಿಸಬೇಕು. ಈಗಲ್ಸ್ ಎಂದೊಡನೆ ಯಾರಿಗಾದರೂ ನೆನಪಾಗುವ ಹಾಡು 'ಹೋಟೆಲ್ ಕ್ಯಾಲಿಫೋರ್ನಿಯಾ'. ಆ ಹಾಡು ಈ ಸಂಕಲನದಲ್ಲಿ ಇಲ್ಲವೇ ಇಲ್ಲ! ಅದಿರುವ ಆಲ್ಬಂ ಹೊರಬಂದದ್ದು 1976ರ ಡಿಸೆಂಬರಿನಲ್ಲಿ, ಸಂಕಲನವಾದ ಹತ್ತು ತಿಂಗಳ ಮೇಲೆ. ಎಂದರೆ 'ಅತ್ಯುತ್ತಮ'ವೆಂದು ಕಟ್ಟಿದ ಗಂಟಿನ ಆಚೆಗೇ ಅತಿ ಪ್ರಸಿದ್ಧವಾದುದು ಹುಟ್ಟಿತು. ಆದರೂ ಈ ಆಲ್ಬಂ ಸುಳ್ಳು ಹೇಳಿದೆ ಎನ್ನುವಂತಿಲ್ಲ. ಅದರ ಹೆಸರಿನಲ್ಲಿಯೇ ಕಂಸದೊಳಗೆ '1971–1975' ಎಂದು ಬರೆದಿದೆ. ನಮ್ಮ ಲೆಕ್ಕ ಇಲ್ಲಿಯವರೆಗೆ ಮಾತ್ರ ಎಂದು ಒಪ್ಪಿಕೊಳ್ಳುವ ಆ ಎರಡು ಇಸವಿಗಳು, ಹತ್ತು ಹಾಡುಗಳಿಗಿಂತ ಕಡಮೆ ಬೆಲೆಯವಲ್ಲ. ಆಯ್ಕೆಗೆ ಕಾಲವುಂಟು, ಕಾಲಕ್ಕೆ ಮಿತಿಯುಂಟು ಎಂಬ ವಿವೇಕ ಅಲ್ಲಿದೆ.

ಆಯ್ದು ಕಟ್ಟುವ ಕೆಲಸ ಕನ್ನಡಕ್ಕೆ ಹೊಸದೇನಲ್ಲ. ಹದಿಮೂರನೆಯ ಶತಮಾನದಲ್ಲಿ ಹೊಯ್ಸಳ ದೊರೆ ಸೋಮೇಶ್ವರನ ಕಾಲಕ್ಕೆ ಮಲ್ಲಿಕಾರ್ಜುನನು 'ಸೂಕ್ತಿಸುಧಾರ್ಣವ'ವನ್ನು ಸಂಕಲಿಸಿದ. 'ಶಬ್ದಮಣಿದರ್ಪಣ'ವನ್ನು ಬರೆದ ಕೇಶಿರಾಜನ ತಂದೆ ಈತ. ಪೂರ್ವಕವಿಗಳ ಕಾವ್ಯಗಳಿಂದ ಸಮುದ್ರ, ಪರ್ವತ, ಪುರ, ಚಂದ್ರೋದಯ ಮೊದಲಾದ ವರ್ಣನೆಗಳನ್ನು ಆರಿಸಿ ಬಗೆಬಗೆಯಾಗಿ ವಿಂಗಡಿಸಿದ. ಇಂದು ಇಡಿಯಾಗಿ ದೊರೆಯದ ಕಾವ್ಯಗಳ ಪದ್ಯಗಳೂ ಅದರಲ್ಲಿ ಉಳಿದುಕೊಂಡಿವೆ. ಆ ಉಪಕಾರವನ್ನು ಮರೆಯುವಂತಿಲ್ಲ. ಆದರೆ ಅದೊಂದನ್ನೇ ಓದಿದವನಿಗೆ ನಮ್ಮ ಕವಿಗಳೆಲ್ಲ ಚಂದ್ರನನ್ನೂ ಕಡಲನ್ನೂ ನೋಡುತ್ತ ಕುಳಿತಿದ್ದರೆಂದು ತೋರಿದರೆ ಆಶ್ಚರ್ಯವಿಲ್ಲ. ಕಾವ್ಯದೊಳಗಿನ ಸಂಕಟ, ಮನುಷ್ಯರ ಮಾತುಕತೆ ಆ ಜರಡಿಯ ಕಣ್ಣಿನಿಂದ ಜಾರಿಹೋಗಿವೆ. ಜರಡಿ ಎಂಥದೋ ಕಾಳೂ ಅಂಥದೇ.

ಈಗ ನಮ್ಮ ಕಾಲಕ್ಕೆ, ನಮ್ಮ ಸೀಮೆಗೆ ಬರೋಣ. ಕೆ. ಎಸ್. ನಿಸಾರ್ ಅಹಮದ್ ಹುಟ್ಟಿದ್ದು ದೇವನಹಳ್ಳಿಯಲ್ಲಿ, 1936ರ ಫೆಬ್ರವರಿ 5ರಂದು. ಭೂವಿಜ್ಞಾನದ ಅಧ್ಯಾಪಕರು, 1960ರಲ್ಲಿ 'ಮನಸು ಗಾಂಧಿಬಜಾರು' ಎಂಬ ಸಂಕಲನದಿಂದ ಕಾವ್ಯರಂಗಕ್ಕೆ ಬಂದವರು. 1976ರಲ್ಲಿ ಅವರ 'ನಿತ್ಯೋತ್ಸವ' ಎಂಬ ಕವನಸಂಕಲನ ಪ್ರಕಟವಾಯಿತು. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ ಅದೇ ಹೆಸರಿನ ಧ್ವನಿಸುರುಳಿ ಬಂತು. ಕನ್ನಡ ಭಾವಗೀತೆಗಳ ಧ್ವನಿಸುರುಳಿಗಳಲ್ಲಿ ಮೊದಲನೆಯದೆಂದು ಅದನ್ನು ಗುರುತಿಸುತ್ತಾರೆ. ಈಗಲ್ಸ್ ಸಂಕಲನಕ್ಕೂ ಇದಕ್ಕೂ ಒಂದು ವ್ಯತ್ಯಾಸವಿದೆ. ಅದು ಆಗಲೇ ಗೆದ್ದ ಹಾಡುಗಳನ್ನು ಒಟ್ಟುಗೂಡಿಸಿತು. ಇದು ಪುಸ್ತಕದಲ್ಲಿದ್ದ ಕವಿತೆಗಳನ್ನು ಆಯ್ದು ಗೆಲ್ಲಿಸಿತು. ಅದು ಜನಪ್ರಿಯತೆಯ ಫಲ, ಇದು ಜನಪ್ರಿಯತೆಯ ಬೀಜ. ಆದುದರಿಂದಲೇ ಇದರ ಪರಿಣಾಮವೂ ಹೆಚ್ಚು ಆಳವಾದುದು.

ಅನಂತಸ್ವಾಮಿಯವರ ಪ್ರತಿಭೆ ದೊಡ್ಡದು. ಮಾತನ್ನು ರಾಗದಲ್ಲಿ ಮುಳುಗಿಸದೆ ತೇಲಿಸುವ ಕಲೆ ಅವರಿಗೆ ಕರಗತವಾಗಿತ್ತು. ಪುಸ್ತಕವನ್ನು ಎಂದೂ ಕೈಯಲ್ಲಿ ಹಿಡಿಯದವರ ಮನೆಗೂ ಕವಿತೆಯನ್ನು ಅವರು ಮುಟ್ಟಿಸಿದರು. ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲದ ಶಾಲೆಗಳ ರಾಜ್ಯೋತ್ಸವಗಳಲ್ಲಿ ಮಕ್ಕಳು ಎದೆ ತುಂಬಿ ಹಾಡುವ ಶೀರ್ಷಿಕೆ ಗೀತೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಹಾಡಿಗೂ ತನ್ನದೇ ಒಂದು ಜರಡಿಯುಂಟು. ಮರಳಿ ಬರುವ ಪಲ್ಲವಿ, ಸಮನಾದ ಚರಣ, ಒಂದೇ ಭಾವದ ಏರಿಳಿತ ಇದ್ದರೆ ಕವಿತೆ ಸುಲಭವಾಗಿ ಹಾಡಾಗುತ್ತದೆ. ವಾದಿಸುವ ಕವಿತೆ, ಮಾತಿನ ಓಟದಲ್ಲಿ ನಡೆಯುವ ಕವಿತೆ, ಕೊನೆಯ ಸಾಲಿನಲ್ಲಿ ತನ್ನನ್ನೇ ತಾನು ಗೇಲಿ ಮಾಡಿಕೊಳ್ಳುವ ಕವಿತೆ ಹಾಡಾಗಲು ಒಪ್ಪುವುದಿಲ್ಲ. ನಿಸಾರರಲ್ಲಿ ಇಂಥವು ಸಾಕಷ್ಟಿವೆ. 'ರಾಮನ್ ಸತ್ತ ಸುದ್ದಿ'ಯನ್ನು ನೋಡಿ. ಲೋಕವೇ ಕೊಂಡಾಡಿದ ವಿಜ್ಞಾನಿಯ ಮರಣ ಹೊಲದ ಮನುಷ್ಯನಿಗೆ ಏನೂ ಅಲ್ಲವೆಂಬ ಅರಿವು ವಿದ್ಯಾವಂತನ ಜಂಬವನ್ನು ಮೆಲ್ಲಗೆ ಕೆಡವುತ್ತದೆ. ಅದನ್ನು ತಂಬೂರಿಗೆ ಒಗ್ಗಿಸುವುದು ಹೇಗೆ?

ಎಲ್ಲಕ್ಕೂ ಮಿಗಿಲಾದುದು 'ನಿಮ್ಮೊಡನಿದ್ದೂ ನಿಮ್ಮಂತಾಗದೆ' ಎಂಬ ಕವಿತೆ. ಬಹುಸಂಖ್ಯಾತರ ನಡುವೆ ಬಾಳುವ ಒಬ್ಬ ಮುಸ್ಲಿಮನು, ಜೊತೆಗಿದ್ದೂ ತಾನು ತಾನಾಗಿಯೇ ಉಳಿಯುವುದರ ಕಷ್ಟವನ್ನು ಹೇಳಿಕೊಂಡ ಕವಿತೆ ಅದು. ನಿಸಾರರ ಸಮಗ್ರ ಕಾವ್ಯದ ತಿರುಳಿಗೆ ಕೈಹಾಕಬೇಕಾದವರು ಮೊದಲು ಇಲ್ಲಿ ನಿಲ್ಲಬೇಕು. ಇದನ್ನು ಓದಿದ ಮೇಲೆ 'ನಿತ್ಯೋತ್ಸವ'ವನ್ನು ಕೇಳಿದರೆ ಅದು ಬೇರೆಯದೇ ಹಾಡು. ಜಲಪಾತ, ನದಿ, ಗಿರಿವನಗಳನ್ನು ಹೊಗಳಿ ನಾಡನ್ನು ತಾಯಿಯೆಂದು ಕರೆಯುವ ಕವಿಗಳು ಕನ್ನಡದಲ್ಲಿ ಬೇಕಾದಷ್ಟು ಜನ. ಆದರೆ ತನ್ನ ನೆಲದಲ್ಲಿಯೇ ತನ್ನನ್ನು ಅನುಮಾನದಿಂದ ನೋಡುವ ಕಣ್ಣುಗಳ ಅನುಭವವಿದ್ದವನು 'ತಾಯಿ' ಎಂದು ಕರೆದಾಗ, ಆ ಮಾತು ಸ್ತೋತ್ರವಾಗಿ ನಿಲ್ಲುವುದಿಲ್ಲ. ಅದು ಹಕ್ಕಿನ ಮಾತಾಗುತ್ತದೆ. "ಇವಳು ನನಗೂ ತಾಯಿ" ಎಂಬ ದೃಢತೆ ಅದರ ಬೆನ್ನೆಲುಬು. ಧ್ವನಿಸುರುಳಿ ಹಾಡನ್ನು ಉಳಿಸಿತು, ಅದರ ನೆರೆಯನ್ನು ಉಳಿಸಲಿಲ್ಲ. ನೆರೆ ತಪ್ಪಿದ ಹಾಡು ಹೂವಿನ ಹಾರದಂತೆ ಯಾರ ಕೊರಳಿಗಾದರೂ ಒಪ್ಪುವ ವಸ್ತುವಾಯಿತು.

ಕಾಲದ ಮಾತನ್ನೂ ಇಲ್ಲಿ ಜೋಡಿಸಬೇಕು. ನಿಸಾರರು ತೀರಿಕೊಂಡದ್ದು 2020ರ ಮೇ 3ರಂದು. ಧ್ವನಿಸುರುಳಿ ಬಂದ ಮೇಲೆ 42 ವರ್ಷ ಬಾಳಿದರು, ಬರೆದರು. 2006ರಲ್ಲಿ ಶಿವಮೊಗ್ಗದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಆದರೂ ಅವರಿಗೆ ಅಂಟಿಕೊಂಡ ಬಿರುದು 'ನಿತ್ಯೋತ್ಸವದ ಕವಿ' ಎಂಬುದೇ. ಅಮೆರಿಕದ ತಂಡದವರ ಹೊದಿಕೆಯ ಮೇಲೆ ಕಂಸದಲ್ಲಿ ಎರಡು ಇಸವಿಗಳಿದ್ದವು. ನಮ್ಮ ಬಿರುದಿಗೆ ಕಂಸವಿರಲಿಲ್ಲ. 1978ರ ಒಂದು ಆಯ್ಕೆಯನ್ನು ನಾವು ಒಬ್ಬ ಕವಿಯ ಮೇಲಿನ ಕಡೆಯ ತೀರ್ಪನ್ನಾಗಿ ಮಾಡಿಕೊಂಡೆವು.

"ಧ್ವನಿಸುರುಳಿ ಇಲ್ಲದಿದ್ದರೆ ಈ ಕವಿಯನ್ನು ಅಷ್ಟು ಜನ ಬಲ್ಲವರಾಗುತ್ತಿದ್ದರೆ?" ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಬಲ್ಲವರಾಗುತ್ತಿರಲಿಲ್ಲ. ಒಂದು ಹಾಡಿನ ಮೂಲಕವಾದರೂ ಜನ ಕವಿಯನ್ನು ಬಲ್ಲರೆಂಬುದು ಸಂತೋಷದ ಸಂಗತಿ. ಅದನ್ನು ಹೀಗಳೆಯುವವನು ಕವಿತೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವವನು. ಅನಂತಸ್ವಾಮಿಯವರಾಗಲಿ ಮುದ್ರಿಸಿದವರಾಗಲಿ ತಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡಿದರು. ಉಳಿದ ಕೆಲಸವನ್ನು ಮಾಡಬೇಕಾದವರು ಅಧ್ಯಾಪಕರು, ವಿಮರ್ಶಕರು, ಓದುಗರು. ಹಾಡಿಗೆ ದಕ್ಕಿದ್ದು ಹಾಡಿನಲ್ಲಿರಲಿ. ಹಾಡಿಗೆ ದಕ್ಕದ್ದನ್ನು ಓದಿ ಹೇಳುವ ಹೊಣೆ ನಮ್ಮದು. ಆ ಹೊಣೆಯನ್ನು ನಾವು ಸಂಗೀತಗಾರರ ಹೆಗಲ ಮೇಲೆ ಹೊರಿಸಿ ಸುಮ್ಮನಾದೆವು.

ಇಂದು ತಟ್ಟೆಯೂ ಹೋಯಿತು, ಧ್ವನಿಸುರುಳಿಯೂ ಹೋಯಿತು. ಫೋನಿನಲ್ಲಿ ಕವಿಯ ಹೆಸರನ್ನು ಒತ್ತಿದರೆ ಹೆಚ್ಚು ಜನ ಕೇಳಿದ ಹಾಡುಗಳು ಸಾಲಾಗಿ ಮುಂದೆ ಬರುತ್ತವೆ. ಹೆಚ್ಚು ಕೇಳಿದ್ದೇ ಮೇಲೆ ಬರುವುದರಿಂದ ಅದನ್ನೇ ಇನ್ನೂ ಹೆಚ್ಚು ಜನ ಕೇಳುತ್ತಾರೆ. ಹಿಂದಿನ ಸಂಕಲನದ ಹಿಂದೆ ಲೋಭಿಯೋ ರಸಿಕನೋ ಒಬ್ಬ ಮನುಷ್ಯನಿದ್ದ, ಅವನೊಡನೆ ಜಗಳವಾಡಬಹುದಾಗಿತ್ತು. ಈ ಪಟ್ಟಿಗೆ ಆಯ್ದವನ ಹೆಸರಿಲ್ಲ, ಇಸವಿಯ ಕಂಸವೂ ಇಲ್ಲ. ಆದಕಾರಣ ಕಂಸವನ್ನು ಇನ್ನು ಕೇಳುಗನೇ ಹಾಕಿಕೊಳ್ಳಬೇಕು. ಮುಂದಿನ ನವೆಂಬರಿನಲ್ಲಿ 'ನಿತ್ಯೋತ್ಸವ'ವನ್ನು ಹಾಡಿಸುವ ಉಪಾಧ್ಯಾಯರು, ಹಾಡು ಮುಗಿದ ಮೇಲೆ ಐದು ನಿಮಿಷ 'ನಿಮ್ಮೊಡನಿದ್ದೂ ನಿಮ್ಮಂತಾಗದೆ'ಯನ್ನು ಮಕ್ಕಳಿಗೆ ಓದಿ ಹೇಳಲಿ. ಅದಕ್ಕೆ ಹಾರ್ಮೋನಿಯಂ ಬೇಡ, ತಬಲ ಬೇಡ, ಪುಸ್ತಕವೊಂದಿದ್ದರೆ ಸಾಕು.